ತಲಪರಿಗೆ, ಕೊರಲೆ ಮತ್ತು ಹಸಿ ಕಡ್ಲೇಕಾಯಿ

ದಸರಾ ರಜೆ ಬಂತು ಅಂದ್ರೆ ಬೆಂಗಳೂರಿನಲ್ಲಿ ಕೀಬೋರ್ಡ್ ಕುಟ್ಟೋ ನಮ್ಮಂಥವರಿಗೆ ಬೆಟ್ಟ ಹತ್ತೋ ಹುಚ್ಚು. ಮಧುಗಿರಿಯ ಏಕಶಿಲಾ ಬೆಟ್ಟ, ಕೊರಟಗೆರೆ ಕಡೆಯ ಸಿದ್ಧರಬೆಟ್ಟ, ಚನ್ನರಾಯನದುರ್ಗ, ಪಾವಗಡದ ಕೋಟೆ... ಬೆಳಿಗ್ಗೆ ಹೊರಟು, ಹತ್ತಿ, ಫೋಟೋ ತೆಗೆದು, ಇಳಿದು, ಹೈವೇ ಪಕ್ಕದ ಹೋಟೆಲಿನಲ್ಲಿ ನಾರ್ತ್ ಇಂಡಿಯನ್ ಊಟ ಮಾಡಿ ವಾಪಸ್. ನೆತ್ತಿಯ ಮೇಲೆ ನಿಂತಾಗ ಕೆಳಗೆ ಹಸಿರು ಕೌದಿ ಹಾಸಿದ ಹಾಗೆ ಕಾಣ್ತವಲ್ಲ, ಆ ಹೊಲಗಳಿಗೆ ಇಳಿಯೋರು ಬಹಳ ಕಮ್ಮಿ.

ನನಗೆ ಮಾತ್ರ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಚರಿತ್ರೆ ಕೋಟೆಯ ಬುರುಜಿಗಿಂತ ಹೆಚ್ಚಾಗಿ ಆ ಹೊಲಗಳಲ್ಲೇ ಇದೆ ಅನ್ಸುತ್ತೆ. ಕೋಟೆ ಕಟ್ಟಿದ ಪಾಳೇಗಾರರ ಹೆಸರು ಬೋರ್ಡಿನ ಮೇಲೆ ಸಿಗುತ್ತೆ. ಕೋಟೆಯ ಒಳಗಿದ್ದವರೂ ಹೊರಗಿದ್ದವರೂ ಏನು ತಿಂದು ಬದುಕಿದ್ರು, ಅದನ್ನ ಬೆಳೆಯೋಕೆ ನೀರು ಎಲ್ಲಿಂದ ಬಂತು ಅನ್ನೋದು ಯಾವ ಬೋರ್ಡಿನ ಮೇಲೂ ಇಲ್ಲ. ಅದನ್ನ ಓದೋಕೆ ಹೇಳಿ ಮಾಡಿಸಿದ ಕಾಲ ಶರದೃತು. ಅಂದ್ರೆ ಆಶ್ವಯುಜ, ಕಾರ್ತಿಕ ಮಾಸಗಳು.

ಈ ಎರಡು ತಿಂಗಳಲ್ಲಿ ಅಲ್ಲಿನ ಹೊಲಕ್ಕೆ ಹೋದವರಿಗೆ ಏನೇನು ಸಿಗುತ್ತೆ ನೋಡಿ. ಆಗಷ್ಟೇ ಕಿತ್ತ ಹಸಿ ಕಡ್ಲೇಕಾಯಿ, ಉಪ್ಪು ಹಾಕಿ ಬೇಯಿಸಿದ್ದು ಇಲ್ಲವೇ ಹೊಲದಲ್ಲೇ ಒಣಕಡ್ಡಿ ಹೊತ್ತಿಸಿ ಸುಟ್ಟದ್ದು. ಹಾಲು ತುಂಬಿದ ರಾಗಿ ತೆನೆಯನ್ನ ಕೆಂಡದಲ್ಲಿ ಬಾಡಿಸಿ, ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ ತಿನ್ನೋ ಬೆಳಸೆ. ಬದುವಿನ ಮೇಲೆ ತಾನಾಗೇ ಎದ್ದಿರೋ ಅಣ್ಣೆ ಸೊಪ್ಪು, ಕನ್ನೆ ಸೊಪ್ಪು, ಗೋಣಿ ಸೊಪ್ಪು ಎಲ್ಲ ಕೂಡಿಸಿದ ಬೆರಕೆ ಸೊಪ್ಪಿನ ಮಸ್ಸೊಪ್ಪು, ಅದಕ್ಕೆ ಬಿಸಿ ಮುದ್ದೆ. ಗುಡ್ಡದ ಸೀತಾಫಲ. ಪುಣ್ಯ ಇದ್ರೆ ಕೊರಲೆ ಅನ್ನ. ಪಾವಗಡದ ಕಡೆ ಹೋದ್ರೆ ಕಡ್ಲೇಬೀಜದ ಗಟ್ಟಿ ಚಟ್ನಿ. ಗಡಿಯಾಚೆ ತೆಲುಗಿನವರು ಅದನ್ನ ಊರುಬಿಂಡಿ ಅಂತಾರೆ. (ಉತ್ತರ ಕರ್ನಾಟಕದ ಗೆಳೆಯರೇ, ನಿಮ್ಮ ಶೇಂಗಾನೇ ನಮ್ಮ ಕಡ್ಲೇಕಾಯಿ. ಜಗಳ ಬೇಡ :-) )

ಇದನ್ನೆಲ್ಲ ಈಗ ‘ಲೋಕಲ್ ಫುಡ್’ ಅಂತ ಕರೆದು, ಹೊಲ ನೋಡಿ ಅಲ್ಲೇ ಉಂಡು ಬರೋ ಪ್ರವಾಸಗಳೂ ಶುರುವಾಗಿವೆ. ಒಳ್ಳೇದೇ. ಆದ್ರೆ ಆ ತಟ್ಟೆಯಲ್ಲಿ ಇರೋರ ಕುಲಗೋತ್ರ ವಿಚಾರಿಸಿ ನೋಡಿ, ತಮಾಷೆಯಾಗಿದೆ. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ಸೀಮೆ. ಹುಣಸೆಯ ಮೂಲವೂ ಆಫ್ರಿಕಾ. ಕಡ್ಲೇಕಾಯಿ ದಕ್ಷಿಣ ಅಮೆರಿಕಾದ್ದು. ಮೆಣಸಿನಕಾಯಿ, ಸೀತಾಫಲ ಎರಡೂ ಅಮೆರಿಕಾ ಖಂಡದಿಂದ ಹಡಗು ಹತ್ತಿ ಬಂದವು. ಬೆಂಗಳೂರಿನ ಬಸವನಗುಡಿ ಕಡ್ಲೇಕಾಯಿ ಪರಿಷೆಯ ಕಥೆ ಕೇಳಿದ್ದೀರಲ್ಲ, ರೈತರ ಕಡ್ಲೇಕಾಯಿ ಹೊಲಕ್ಕೆ ಬಸವ ನುಗ್ಗಿದ್ದು, ಕೆಂಪೇಗೌಡರು 1537ರಲ್ಲಿ ಗುಡಿ ಕಟ್ಟಿಸಿದ್ದು? ಕೊಲಂಬಸ್ ಅಮೆರಿಕಾ ಮುಟ್ಟಿದ್ದೇ 1492ರಲ್ಲಿ. ಅಷ್ಟು ಬೇಗ ಸುಂಕೇನಹಳ್ಳಿಯ ಹೊಲಕ್ಕೆ ಕಡ್ಲೇಕಾಯಿ ಬಂದಿತ್ತು ಅಂತ ನಂಬೋದು ಕಷ್ಟ. ಬಸವ ತಿಂದದ್ದು ಬೇರೆ ಏನೋ ಇರಬೇಕು!

ಹಾಗಾದ್ರೆ ಈ ಊಟದಲ್ಲಿ ‘ನಮ್ಮ ಸೀಮೇದು’ ಅನ್ನೋದು ಯಾವುದು? ನನ್ನ ಉತ್ತರ: ನೀರು, ಮತ್ತು ಆ ನೀರನ್ನ ಹಂಚಿಕೊಂಡ ಕಟ್ಟಳೆ. ಬೀಜ ಎಲ್ಲಿಂದಲೋ ಬಂತು. ಅದು ಇಲ್ಲಿ ಬದುಕಿದ್ದು ಈ ಜನ ಬರದ ಜೊತೆ ನಡೆಸಿದ ಚೌಕಾಸಿಯಿಂದ.

ಮೊದಲು ಮಳೆಯ ಲೆಕ್ಕ. ಈ ನಾಲ್ಕೂ ತಾಲ್ಲೂಕು ಕೃಷಿ ಇಲಾಖೆಯ ಭಾಷೆಯಲ್ಲಿ ‘ಮಧ್ಯ ಒಣ ವಲಯ’ಕ್ಕೆ ಸೇರಿದವು. ಆ ವಲಯದ ವರ್ಷದ ಮಳೆ ಸುಮಾರು 450ರಿಂದ 720 ಮಿಲಿಮೀಟರ್. ಮಲೆನಾಡಿನ ಕಡೆಯ ಓದುಗರು ನಗಬಹುದು, ನಿಮ್ಮಲ್ಲಿ ಆಷಾಢದ ಕೆಲವೇ ದಿನಗಳಲ್ಲಿ ಇಷ್ಟು ಸುರಿದುಬಿಡುತ್ತೆ. ಮುಂಗಾರಿನ ಮೋಡ ಪಶ್ಚಿಮ ಘಟ್ಟದಲ್ಲೇ ಬಸಿದುಹೋಗಿ ಇಲ್ಲಿಗೆ ಬರೋ ಹೊತ್ತಿಗೆ ಬರೀ ಗಾಳಿ. ಇಲ್ಲಿಗೆ ಹೆಚ್ಚು ಮಳೆ ಬೀಳೋದು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ, ಅಂದ್ರೆ ಉತ್ತರೆ, ಹಸ್ತ, ಚಿತ್ತೆ ಮಳೆಗಳಲ್ಲಿ. ಅದಕ್ಕೇ ಇಲ್ಲಿನವರಿಗೆ ವರ್ಷದ ಭವಿಷ್ಯ ಯುಗಾದಿಯ ಪಂಚಾಂಗದಲ್ಲಿ ಕೇಳಿದರೂ ಗೊತ್ತಾಗೋದು ಮಹಾನವಮಿ ಹೊತ್ತಿಗೆ. ಹೊಲ ಹಸಿರಾಗಿದ್ರೆ ಹಬ್ಬ, ಇಲ್ಲಾಂದ್ರೆ ಗುಳೆ.

ಇಷ್ಟು ಕಮ್ಮಿ ಮಳೆಯಲ್ಲಿ ಭತ್ತ, ಅಡಿಕೆ, ತೆಂಗು ಬೆಳೆದದ್ದು ಹೇಗೆ? ಕೆರೆ ಅಂತ ಎಲ್ಲರೂ ಹೇಳ್ತಾರೆ. ಕೆರೆ ಬತ್ತಿದ ಮೇಲೆ? ಅಲ್ಲಿ ಬರುತ್ತೆ ತಲಪರಿಗೆ.

ತಲಪರಿಗೆ ಅಂದ್ರೆ ನೆಲದಿಂದ ತಾನಾಗೇ ಒಸರೋ ನೀರಿನ ತಲೆ. ಕೆರೆಯ ಅಂಗಳದಲ್ಲಿ, ಹಳ್ಳದ ಮಗ್ಗುಲಲ್ಲಿ, ಹೊಳೆಯ ಮರಳಿನಲ್ಲಿ ನೀರು ಜಿನುಗೋ ಜಾಗ ಗುರುತಿಸಿ, ಗುಂಡಿ ತೋಡಿ, ಸುತ್ತ ಕಲ್ಲು ಕಟ್ಟಿ, ಅಲ್ಲಿಂದ ಗದ್ದೆಗೆ ಸಣ್ಣ ಕಾಲುವೆ ಎಳೀತಿದ್ರು. ಕೆರೆ ತುಂಬಿದಾಗ ತಲಪರಿಗೆ ನೀರಿನಡಿ ಮುಳುಗಿರುತ್ತೆ. ಕೆರೆ ಒಣಗಿದಾಗ ಅದು ಕೆಲಸ ಶುರು ಮಾಡುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಬ್ಯಾಕಪ್ ಸರ್ವರ್!

ಇದು ಈ ಸೀಮೆಯ ವಿಶೇಷ ಅಂತ ಬ್ರಿಟಿಷರ ಕಾಲದಲ್ಲೇ ದಾಖಲಾಗಿದೆ. 1908ರ ಇಂಪೀರಿಯಲ್ ಗೆಜೆಟಿಯರ್‌ನ ಮೈಸೂರು ಭಾಗದಲ್ಲಿ ಒಂದು ಗೆರೆ ಎಳೆದಿದ್ದಾರೆ: ಕೊರಟಗೆರೆಯಿಂದ ಹಿರಿಯೂರು, ಅಲ್ಲಿಂದ ಮೊಳಕಾಲ್ಮೂರು. ಈ ಗೆರೆಯ ಪೂರ್ವಕ್ಕಿರೋ ಗಡಿಸೀಮೆಯೇ ತಲಪರಿಗೆಗಳ ನಾಡು. ದಕ್ಷಿಣದ ಭಾಗದಲ್ಲಿ ಮರಳು ಮಣ್ಣು, ಸ್ವಲ್ಪ ಸ್ವಲ್ಪ ದೂರಕ್ಕೇ ತೋಡಿದರೂ ನೀರು ಮೇಲಕ್ಕೇ ಸಿಗುತ್ತೆ. ಉತ್ತರಕ್ಕೆ ಹೋದಷ್ಟೂ ಕಷ್ಟ. ಪಾವಗಡದಲ್ಲಿ ಮೆತ್ತನೆಯ ಕಲ್ಲಿನ ಪದರ ಕೊರೆಯಬೇಕು, ಚಿತ್ರದುರ್ಗದ ಕೆಲವು ತಾಲ್ಲೂಕುಗಳಲ್ಲಿ ಗಟ್ಟಿ ಬಂಡೆಯನ್ನೇ ಒಡೆಯಬೇಕು. ನೀರು ಸಿಕ್ಕ ಮೇಲೆ ಕಾಲುವೆ ತೆಗೆದು ಹರಿಸ್ತಾರೆ, ಇಲ್ಲವೇ ಕಪಿಲೆ ಬಾವಿ ಮಾಡಿ ಎತ್ತು ಕಟ್ಟಿ ಎಳೀತಾರೆ. ಇದಿಷ್ಟನ್ನ ಆ ಗೆಜೆಟಿಯರ್ ವಿವರಿಸುತ್ತೆ. ನಮ್ಮ ಕಾಲದಲ್ಲಿ ತುಮಕೂರಿನ ಮಲ್ಲಿಕಾರ್ಜುನ ಹೊಸಪಾಳ್ಯ ಅವರು ತಲಪರಿಗೆಗಳ ಬಗ್ಗೆ ಬರೆದಿದ್ದಾರೆ. ಆಸಕ್ತಿ ಇದ್ದವರು ಹುಡುಕಿ ಓದಿ.

ನನಗೆ ಗುಂಡಿಗಿಂತ ಹೆಚ್ಚು ಬೆರಗು ಹುಟ್ಟಿಸೋದು ಅದರ ನಿರ್ವಹಣೆ. ವರ್ಷಕ್ಕೊಮ್ಮೆ ಹೂಳು ಎತ್ತಬೇಕು. ತಲಪರಿಗೆಯ ನೀರಿನಲ್ಲಿ ಪಾಲಿರೋ ಪ್ರತಿ ಮನೆಯಿಂದ ಒಂದೊಂದು ಆಳು ಬರಬೇಕು, ಬಾರದವರಿಗೆ ದಂಡ. ಆ ವರ್ಷ ಒರತೆ ಎಷ್ಟಿದೆ ನೋಡಿ ಎಷ್ಟು ಗದ್ದೆ ಮಾಡೋದು ಅಂತ ಮೊದಲೇ ತೀರ್ಮಾನ. ನೀರು ಬಿಡೋ ಕೆಲಸ ನೀರುಗಂಟಿಯದು, ರೈತ ತಾನೇ ಹೋಗಿ ಮಡೆ ತಿರುಗಿಸೋ ಹಾಗಿಲ್ಲ. ಸರದಿ ಪ್ರಕಾರ, ಎಲ್ಲರಿಗೂ. ಆಪರೇಟಿಂಗ್ ಸಿಸ್ಟಂ ಪಾಠದಲ್ಲಿ ರೌಂಡ್ ರಾಬಿನ್ ಅಂತ ಓದಿದ್ದೆವಲ್ಲ, ಅದೇ. ಸುಗ್ಗಿಯಲ್ಲಿ ನೀರುಗಂಟಿಗೆ ಕಾಳಿನ ರೂಪದಲ್ಲಿ ಆಯ.

ಇಲ್ಲಿ ಒಂದು ಮಾತು ಹೇಳಲೇಬೇಕು. ಹಳೇದೆಲ್ಲ ಚಿನ್ನ ಅಂತ ನಾನು ಹೇಳ್ತಿಲ್ಲ. ನೀರುಗಂಟಿಗಳು ಬಹಳ ಕಡೆ ಭೂಮಿ ಇಲ್ಲದ ದಲಿತ ಕುಟುಂಬದವರು. ಊರಿನ ಎಲ್ಲರ ಗದ್ದೆಗೂ ನೀರು ಹಂಚಿದವರಿಗೆ ತಮ್ಮದೇ ಗದ್ದೆ ಇರಲಿಲ್ಲ. ನೀರಿನ ಹಂಚಿಕೆಯಲ್ಲಿ ನ್ಯಾಯ ಇತ್ತು, ಆದ್ರೆ ಅದು ಭೂಮಿ ಇದ್ದವರ ನಡುವಿನ ನ್ಯಾಯ.

ನೀರು ಹಿಡಿದಿಟ್ಟರೆ ಈ ಒಣ ಸೀಮೆ ಏನಾಗಬಹುದು ಅನ್ನೋದಕ್ಕೆ ಶಿರಾ ಸಾಕ್ಷಿ. 1687ರಲ್ಲಿ ಮೊಘಲರು ಶಿರಾವನ್ನ ತಮ್ಮ ದಕ್ಷಿಣದ ಸುಬಾದ ರಾಜಧಾನಿ ಮಾಡಿಕೊಂಡ್ರು. ಮುಂದೆ ಸುಬೇದಾರ ದಿಲಾವರ್ ಖಾನ್ ಕಾಲದಲ್ಲಿ ಅಲ್ಲಿ ಅರಮನೆ, ಖಾನ್ ಬಾಗ್ ಅನ್ನೋ ತೋಟ ಎಲ್ಲ ಎದ್ದವು. ಹೈದರಾಲಿ ಬೆಂಗಳೂರಿನ ಲಾಲ್‌ಬಾಗ್ ಮಾಡಿಸಿದ್ದು ಶಿರಾದ ತೋಟದ ಮಾದರಿ ನೋಡಿ ಅಂತ ಹೇಳೋದುಂಟು. ಭಾನುವಾರ ಲಾಲ್‌ಬಾಗಿನಲ್ಲಿ ವಾಕಿಂಗ್ ಮಾಡೋವಾಗ ಇದು ನೆನಪಿರಲಿ. ಮಧುಗಿರಿಯೂ ಕಮ್ಮಿಯಿಲ್ಲ. ತೋಟಗಾರಿಕೆ ಪುಸ್ತಕಗಳ ದಾಳಿಂಬೆ ತಳಿಗಳ ಪಟ್ಟಿಯಲ್ಲಿ ‘ಮಧುಗಿರಿ’ ಅಂತಲೇ ಒಂದು ಹೆಸರಿದೆ.

ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿ ಕಳಿಸಿದ ಫ್ರಾನ್ಸಿಸ್ ಬುಕಾನನ್ ಮಧುಗಿರಿ, ಶಿರಾ ದಾರಿಯಲ್ಲೇ ಹಾದುಹೋದ. ಯಾವ ಊರಲ್ಲಿ ಎಂಥ ಮಣ್ಣು, ಏನು ಬಿತ್ತುತ್ತಾರೆ ಅಂತ ದಿನಾ ಕೇಳಿ ಬರೆದುಕೊಂಡ. 1807ರಲ್ಲಿ ಮೂರು ಸಂಪುಟವಾಗಿ ಅಚ್ಚಾದ ಅವನ ಪುಸ್ತಕ ಈಗ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತೆ. ಊರಿನ ಹೆಸರುಗಳ ಕಾಗುಣಿತ ನೋಡಿ ನಗು ಬರುತ್ತೆ, ಆದ್ರೆ ಒಣ ಬೇಸಾಯದ ವಿವರಗಳಿಗೆ ಕೈ ಮುಗೀಬೇಕು.

ಇನ್ನು ನೀರಾವರಿ ಇಲ್ಲದ ಹೊಲ. ಅಂದ್ರೆ ಈ ಸೀಮೆಯ ಬಹುಪಾಲು. ಅಲ್ಲಿನ ಉಪಾಯ ಅಕ್ಕಡಿ. ರಾಗಿಯ ಸಾಲುಗಳ ಮಧ್ಯೆ ಅವರೆ, ತೊಗರಿ, ಹುಚ್ಚೆಳ್ಳು, ಬದಿಗೆ ಒಂದಿಷ್ಟು ಸಾಸಿವೆ. ಮಳೆ ಒಂದಕ್ಕೆ ಕೈ ಕೊಟ್ಟರೆ ಇನ್ನೊಂದು ಉಳಿಯುತ್ತೆ. ರಾಗಿ ಕೊಯ್ಲಾದ ಮೇಲೂ ಅವರೆ, ತೊಗರಿ ಇಬ್ಬನಿಯಲ್ಲೇ ಕಾಯಿ ಕಟ್ಟುತ್ತವೆ. ಮುದ್ದೆಗೆ ಬೇಕಾದ ಸಾರೂ ಅದೇ ಹೊಲದಲ್ಲಿ! ಕೊಯ್ಲು ಮುಗಿದ ಹೊಲದಲ್ಲಿ ಕುರಿ ಮಂದೆ ತರುಬಿಸೋರು. ಕುರಿಯವರಿಗೆ ಕಾಳು, ಹೊಲಕ್ಕೆ ಗೊಬ್ಬರ.

ಒಳ್ಳೆ ವರ್ಷದ ರಾಗಿಯನ್ನ ಹಗೇವಿಗೆ ಹಾಕೋರು. ಹಗೇವು ಅಂದ್ರೆ ಹೂಜಿಯ ಆಕಾರದ ನೆಲದ ಕಣಜ. ಬಾಯಿ ಚಿಕ್ಕದು, ಒಳಗೆ ಅಗಲ. ಹುಲ್ಲು ಹಾಸಿ, ರಾಗಿ ತುಂಬಿ, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಹುಳ ಹಿಡಿಯಲ್ಲ. ತೆರೆದ ತಕ್ಷಣ ಒಳಗೆ ಇಳಿಯೋ ಹಾಗಿಲ್ಲ, ಕೆಟ್ಟ ಗಾಳಿ ಇರುತ್ತೆ. ದೀಪ ಇಳಿಸಿ, ಅದು ಆರದಿದ್ರೆ ಮಾತ್ರ ಆಳು ಇಳೀತಿದ್ದ.

ಈ ಎಲ್ಲ ಉಪಾಯಗಳೂ ಸೋತ ಕಾಲವೂ ಇದೆ. 1876ರಿಂದ 78ರ ಧಾತು-ಈಶ್ವರ ಸಂವತ್ಸರಗಳ ಬರ. ಆಗ ಮೈಸೂರು ಬ್ರಿಟಿಷ್ ಕಮಿಷನರುಗಳ ಆಡಳಿತದಲ್ಲಿತ್ತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. 1881ರಲ್ಲಿ 41,86,188. ಹತ್ತು ವರ್ಷದಲ್ಲಿ ಹೆಚ್ಚಬೇಕಾದದ್ದು ಸುಮಾರು 8.7 ಲಕ್ಷ ಕಮ್ಮಿಯಾಗಿದೆ. ಮಳೆ ಒಂದು ವರ್ಷ ಹೋದ್ರೆ ಹಗೇವು ಕಾಯುತ್ತೆ. ಸಾಲಾಗಿ ಹೋದ್ರೆ, ಹಗೇವು ಇಲ್ಲದ ಕೂಲಿಯವನ ಮನೆ ಮೊದಲು ಬಿದ್ದುಹೋಗುತ್ತೆ. ‘ಹಿಂದಿನವರು ಎಷ್ಟು ಚೆನ್ನಾಗಿ ತಿಂತಿದ್ರು’ ಅಂತ ಯಾರಾದ್ರೂ ಶುರು ಮಾಡಿದಾಗ ನನಗೆ ಈ ಎರಡು ಸಂಖ್ಯೆ ನೆನಪಾಗುತ್ತೆ. 2013ರಲ್ಲಿ ಬಂದ ಅನ್ನಭಾಗ್ಯದ ಅಕ್ಕಿಯನ್ನ ಮೂಗು ಮುರಿದು ನೋಡೋರೂ ಈ ಸಂಖ್ಯೆ ಒಮ್ಮೆ ನೋಡಬೇಕು.

ಬರದ ಸೀಮೆಗೆ ದೇವರು ಕೊಟ್ಟ ವರ ಅಂದ್ರೆ ಕೊರಲೆ. ಈಗ ಅಂಗಡಿಯಲ್ಲಿ ‘ಬ್ರೌನ್ ಟಾಪ್ ಮಿಲೆಟ್’ ಅಂತ ಚೀಟಿ ಅಂಟಿಸಿ ಮಾರ್ತಾರೆ. ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಒಣಭಾಗ ಮತ್ತು ಪಕ್ಕದ ಆಂಧ್ರದ ಗಡಿ, ಇದೇ ಅದರ ಸೀಮೆ. ಎರಡೂವರೆ ತಿಂಗಳಿಗೆ ಕೊಯ್ಲಿಗೆ ಬರುತ್ತೆ. ಬೇರೆ ಬೆಳೆ ಏಳದ ಹುಣಸೆ ಮರದ ನೆರಳಿನಲ್ಲೂ ಬೆಳೆಯುತ್ತೆ. ಮುಂಗಾರು ಕೈಕೊಟ್ಟು, ರಾಗಿ ಬಿತ್ತೋ ಹೊತ್ತು ಮೀರಿದ ಮೇಲೂ ಕೊರಲೆಗೆ ಹೊತ್ತಿರುತ್ತೆ. 1915ರ ಸುಮಾರಿಗೆ ಭಾರತದಿಂದ ಅಮೆರಿಕಾಕ್ಕೂ ಹೋಯ್ತು. ಅಲ್ಲಿ ಅದು ದನಕ್ಕೆ, ಬೇಟೆ ಹಕ್ಕಿಗಳಿಗೆ ಮೇವು. (ಅಮೆರಿಕಾದಲ್ಲಿರೋ ಬ್ಲಾಗಿಗರೇ, ಕಾಡುಕೋಳಿಯ ಪಾಲಿನ ಊಟ ಕಿತ್ತುಕೊಳ್ಳಬೇಡಿ :-) ) ವಿಶ್ವಸಂಸ್ಥೆ 2023ನ್ನ ಸಿರಿಧಾನ್ಯ ವರ್ಷ ಅಂತ ಘೋಷಿಸಿದ ಮೇಲೆ ಕೊರಲೆಗೆ ಪೇಟೆಯಲ್ಲಿ ಮರ್ಯಾದೆ ಬಂದಿದೆ. ಅದಕ್ಕೂ ಮುಂಚೆ ಅದನ್ನ ಉಳಿಸಿದ್ದು ಬಡ ರೈತರು, ಬೇರೆ ದಾರಿ ಇಲ್ಲದೆ.

ಮಧುಗಿರಿ ಕಡೆಯ ಗೆಳೆಯನ ಹೊಲದಲ್ಲಿ ಅವರ ಅಜ್ಜಿ ಒಂದು ಮಾತು ಹೇಳಿದ್ರು. “ಮಳೆ ಬಂದ್ರೆ ಕಡ್ಲೇಕಾಯಿ ಕಣಪ್ಪಾ, ಬರ್ದಿದ್ರೆ ಕೊರ್ಲೆ. ಎಲ್ಡೂ ಇಲ್ದಿದ್ರೆ ಬೆಂಗ್ಳೂರು.” ಈ ಸೀಮೆಯ ಆರ್ಥಿಕ ಇತಿಹಾಸ ಇದಕ್ಕಿಂತ ಚಿಕ್ಕದಾಗಿ ಬರೆಯೋಕೆ ನನಗಂತೂ ಆಗಲ್ಲ.

ಈಗ ಕಡ್ಲೇಕಾಯಿಗೆ ಬರೋಣ. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಫ್ರಾನ್ಸಿನ ಮಾರ್ಸೇಲ್ ಬಂದರಿನ ಎಣ್ಣೆ, ಸೋಪಿನ ಕಾರ್ಖಾನೆಗಳಿಗೆ ಮದ್ರಾಸು, ಪಾಂಡಿಚೇರಿ ಕಡೆಯಿಂದ ಹಡಗುಗಟ್ಟಲೆ ಕಡ್ಲೇಕಾಯಿ ಹೋಗ್ತಿತ್ತು. ಆ ಬೇಡಿಕೆಯ ಬೆನ್ನಲ್ಲೇ ದಕ್ಷಿಣ ಭಾರತದ ಒಣ ಕೆಂಪು ನೆಲಕ್ಕೆಲ್ಲ ಈ ಬೆಳೆ ಹಬ್ಬಿತು. 1940ರಲ್ಲಿ ತಮಿಳುನಾಡಿನ ತಿಂಡಿವನಂ ಕೇಂದ್ರದಿಂದ ಬಂದ ಟಿಎಂವಿ-2 ತಳಿ ದಶಕಗಳ ಕಾಲ ಈ ಹೊಲಗಳನ್ನ ಆಳಿತು. ಪಾವಗಡವನ್ನ ನಕ್ಷೆಯಲ್ಲಿ ನೋಡಿ, ಹೆಚ್ಚುಕಮ್ಮಿ ಸುತ್ತಲೂ ಆಂಧ್ರ. ಪಕ್ಕದ ಅನಂತಪುರ ಸೀಮೆಯ ಹಾಗೆಯೇ ಇದೂ ಕಡ್ಲೇಕಾಯಿ ತಾಲ್ಲೂಕಾಯ್ತು.

ವಿಚಿತ್ರ ಗಿಡ ಇದು. ಹೂವು ಮೇಲೆ ಅರಳುತ್ತೆ, ಆಮೇಲೆ ಅದರ ಬುಡದಿಂದ ಸೂಜಿಯಂಥ ಕಡ್ಡಿ ಹೊರಟು ಮಣ್ಣಿಗಿಳಿದು ಒಳಗೆ ಕಾಯಿ ಕಟ್ಟುತ್ತೆ. ಆ ಹೊತ್ತಿಗೆ ನೆಲ ಮೆತ್ತಗಿರಬೇಕು, ಅಂದ್ರೆ ಉತ್ತರೆ ಮಳೆ ಬರಬೇಕು. ಕೀಳೋ ಹೊತ್ತಿಗೂ ಒಂದು ಹದ ಬೇಕು. ನೆಲ ಗಟ್ಟಿಯಾಗಿದ್ರೆ ಗಿಡ ಕೈಗೆ ಬರುತ್ತೆ, ಕಾಯಿ ಒಳಗೇ ಉಳಿಯುತ್ತೆ. ಹಾಗೆ ಉಳಿದ ಕಾಯಿಯನ್ನ ಹಕ್ಕಲು ಆಯ್ದುಕೊಳ್ಳೋ ಹಕ್ಕು ಹೊಲವಿಲ್ಲದವರದು. ದಿನವಿಡೀ ಬಗ್ಗಿ ಆಯ್ದರೆ ಸಂಜೆಗೆ ಒಂದು ಮಡಿಲು.

ಕಡ್ಲೇಕಾಯಿ ಕೈಗೆ ಕಾಸು ಕೊಟ್ಟಿತು, ಮಕ್ಕಳನ್ನ ಓದಿಸಿತು, ನಿಜ. ಆದ್ರೆ ಬೆಲೆ ಬಂದ ವರ್ಷ ಅಕ್ಕಡಿ ಬಿಟ್ಟು ಹೊಲಕ್ಕೆ ಹೊಲವೇ ಕಡ್ಲೇಕಾಯಿ. ಹತ್ತು ಬೆಳೆಯ ಮೇಲೆ ಹಂಚಿದ್ದ ಅಪಾಯ ಒಂದರ ತಲೆಗೆ ಬಂತು. 1986ರಲ್ಲಿ ಕೇಂದ್ರ ಸರ್ಕಾರ ಎಣ್ಣೆಕಾಳು ಮಿಷನ್ ಶುರು ಮಾಡಿ ಬೆನ್ನು ತಟ್ಟಿತು. 1994ರಲ್ಲಿ ತಾಳೆ ಎಣ್ಣೆಯ ಆಮದಿಗೆ ಬಾಗಿಲು ತೆರೆಯಿತು. ಮಲೇಷಿಯಾದ ಎಣ್ಣೆ ಕಿರಾಣಿ ಅಂಗಡಿಗೆ ಬಂದು ಕೂತ ಮೇಲೆ ಪಾವಗಡದ ಗಾಣದ ಎಣ್ಣೆಯ ಗತಿ ಏನಾಗಬಹುದು, ನೀವೇ ಊಹಿಸಿ.

ಇದೇ ದಶಕಗಳಲ್ಲಿ ನೀರಿನ ಕಡೆಯಿಂದ ಇನ್ನೊಂದು ಏಟು. ಕೊಳವೆಬಾವಿ. ತಲಪರಿಗೆ ಒಸರೋದು ಭೂಮಿಯೊಳಗಿನ ನೀರಿನ ಮಟ್ಟ ಮೇಲಿದ್ರೆ ಮಾತ್ರ. ನೂರಾರು ಅಡಿ ಆಳದಿಂದ ಪಂಪು ಎಳೆಯೋಕೆ ಶುರು ಮಾಡಿದ ಮೇಲೆ ಆ ಮಟ್ಟ ಪಾತಾಳಕ್ಕೆ ಹೋಯ್ತು. ಹಳ್ಳ-ಹೊಳೆಗಳ ಮರಳು ಲಾರಿ ಹತ್ತಿ ನಮ್ಮ ಅಪಾರ್ಟ್‌ಮೆಂಟುಗಳ ಗೋಡೆ ಸೇರಿತು. ತಲಪರಿಗೆ ಎಲ್ಲರದಾಗಿತ್ತು, ಕೊಳವೆಬಾವಿ ಕೊರೆಸಿದವನದು. ಸರದಿ ಇಲ್ಲ, ದಂಡ ಇಲ್ಲ, ನೀರುಗಂಟಿ ಇಲ್ಲ. ಹತ್ತು ಜನ ಒಂದೇ ಲೋಟಕ್ಕೆ ಹತ್ತು ಸ್ಟ್ರಾ ಹಾಕಿ ಹೀರಿದ ಹಾಗೆ. ಆಳದಿಂದ ಬಂದ ನೀರಿನ ಜೊತೆ ಫ್ಲೋರೈಡ್ ಬಂತು. ಪಾವಗಡದಲ್ಲಿ ಹಲ್ಲು ಹಳದಿಯಾದ, ಮೂಳೆ ಸವೆದ ಜನರ ಕಥೆ ಪತ್ರಿಕೆಗಳಲ್ಲಿ ಓದಿಯೇ ಇರ್ತೀರ.

ಆಮೇಲೆ ಸೂರ್ಯ. ಪಾವಗಡದ ತಿರುಮಣಿ ಮತ್ತು ಸುತ್ತಲಿನ ಊರುಗಳ 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಎದ್ದಿತು. ಮೊದಲ ಹಂತ ಉದ್ಘಾಟನೆಯಾದದ್ದು 2018ರ ಮಾರ್ಚ್‌ನಲ್ಲಿ. ಜಮೀನು ಕೊಂಡದ್ದಲ್ಲ, ಗುತ್ತಿಗೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು. ಮಳೆ ನಂಬಿದ ಕಡ್ಲೇಕಾಯಿ ಎಷ್ಟೋ ವರ್ಷ ಅಷ್ಟು ಕೊಟ್ಟಿರಲಿಲ್ಲ, ಹಾಗಾಗಿ ಕೊಟ್ಟವರನ್ನ ದೂರೋಕೆ ನನಗೆ ಬಾಯಿಲ್ಲ. ಆದ್ರೆ ಗುತ್ತಿಗೆ ಹಣ ಹೋಗೋದು ಪಹಣಿಯಲ್ಲಿ ಹೆಸರಿದ್ದವರಿಗೆ. ಹಕ್ಕಲು ಆಯ್ತಿದ್ದವರಿಗೆ ಪ್ಯಾನೆಲ್ಲಿನ ಕೆಳಗೆ ಆಯೋಕೆ ಏನೂ ಇಲ್ಲ. ನೀರುಗಂಟಿಯ ಕಥೆಯೇ ಮತ್ತೆ.

ದೂರದ ನೀರಿನ ಮಾತೂ ನಡೀತಿದೆ. ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದಲ್ಲಿ ಚಾಲನೆ ಸಿಕ್ಕಿತು. ಬರಲಿ, ಕುಡಿಯೋ ನೀರಿಗೆ ಯಾರೂ ಬೇಡ ಅನ್ನಲ್ಲ. ಆದ್ರೆ 2021 ಮತ್ತು 22ರ ಮಳೆಗೆ ಜಯಮಂಗಲಿ ಎರಡೂ ದಡ ತುಂಬಿ ಹರಿದದ್ದು, ಎಷ್ಟೋ ಕೆರೆ ಕೋಡಿ ಬಿದ್ದದ್ದು ನೋಡಿದ ಮೇಲೆ ಅನ್ಸುತ್ತೆ: ಇಲ್ಲಿ ನೀರು ಬರೋದೇ ಇಲ್ಲ ಅಂತಲ್ಲ, ಬಂದಾಗ ಅದನ್ನ ಹಿಡಿದು ಹಂಚಿಕೊಳ್ಳೋ ಒಪ್ಪಂದ ಮುರಿದಿದೆ. ಪೈಪು ನೀರು ತರುತ್ತೆ, ಒಪ್ಪಂದ ತರಲ್ಲ.

ಅದಕ್ಕೇ ನನ್ನ ಕೋರಿಕೆ ಇಷ್ಟೇ. ಈ ಸಲ ಹಸ್ತ-ಚಿತ್ತೆ ಮಳೆ ಹೊತ್ತಿಗೆ ಆ ಕಡೆ ಹೋದ್ರೆ ಬೆಟ್ಟ ಹತ್ತಿ, ಆಮೇಲೆ ಹೊಲಕ್ಕೂ ಇಳೀರಿ. ಹೊಲದವರನ್ನ ಕೇಳದೆ ಒಂದು ಗಿಡವನ್ನೂ ಕೀಳಬೇಡಿ, ಕೇಳಿದ್ರೆ ಮಡಿಲು ತುಂಬ ಕೊಡ್ತಾರೆ. ಕೊಳ್ಳೋದಿದ್ರೆ ಚೌಕಾಸಿ ಮಾಡದೆ ಅವರ ಹತ್ರವೇ ಕೊಳ್ಳಿ. ಕಡ್ಲೇಕಾಯಿ ಬೇಯೋ ಹೊತ್ತಿನಲ್ಲಿ ಊರಿನ ಹಿರಿಯರನ್ನ “ಇಲ್ಲಿ ತಲಪರಿಗೆ ಎಲ್ಲಿತ್ತು?” ಅಂತ ಒಂದು ಮಾತು ಕೇಳಿ. ಅವರು ಎದ್ದು ನಿಂತು, ಜಾಲಿ ಬೆಳೆದ ಯಾವುದೋ ಗುಂಡಿಯ ಕಡೆ ಕೈ ತೋರಿಸ್ತಾರೆ. ಆ ಜಾಗದ ಹೆಸರು, ಅದಕ್ಕೆ ಎಷ್ಟು ಮನೆಯ ಪಾಲಿತ್ತು, ಯಾವಾಗ ನಿಂತಿತು, ಅಷ್ಟನ್ನ ಬರೆದುಕೊಂಡು ಬನ್ನಿ. ಹೇಳೋರು ವಯಸ್ಸಾದವರು, ಅವರ ನಂತರ ಗುಂಡಿ ತೋರಿಸೋಕೂ ಯಾರೂ ಇರಲ್ಲ.

ನಿಮ್ಮ ಸೀಮೆಯಲ್ಲಿ ಇಂಥ ಒರತೆಗೆ ಏನಂತಾರೆ? ಅದರ ನೀರಿನಲ್ಲಿ ಏನು ಬೆಳೀತಿದ್ರು, ಏನು ಉಣ್ತಿದ್ರು? ಬರೀರಿ, ಓದೋಕೆ ಕಾಯ್ತಿರ್ತೀನಿ.